ಅಧ್ಯಕ್ಷರ ಅಮೃತ ಮಹೋತ್ಸವಕ್ಕೆ ಗಿಟಾರು

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಅವರು ಹೇಳುವುದರಲ್ಲಿ ಹೆಚ್ಚಿನದೆಲ್ಲ ಸುಳ್ಳೇ ಆಗಿದೆ. ಹೆಸರು ಬಸವಕಿರಣ. ಹುಬ್ಬಳ್ಳಿಯ ಗೋಕುಲ ರಸ್ತೆಯ ಪಂಪ್‌ಸೆಟ್ ಅಂಗಡಿಯೊಂದರಲ್ಲಿ ಮಾರಾಟ ನೋಡಿಕೊಳ್ಳುತ್ತಾರೆ. ಬೋರಿನಲ್ಲಿ ನೀರೇ ಬೀಳದ ರೈತನಿಗೆ, "ನಿಮಗ ಪಂಪ್ ಬ್ಯಾಡ್ರಿ ಯಜಮಾನ್ರ, ಮೊದಲ ನೀರು ನೋಡ್ಕೊಳ್ರಿ" ಎಂದು ಹೇಳಿ ಕಳಿಸಿ, ಮಾಲೀಕರಿಂದ ಬೈಸಿಕೊಂಡು ಬಂದ ಮನುಷ್ಯ. ಅಂಥವರು ಹುಟ್ಟಿದಾಗಿನಿಂದ ಕೂಡಿಟ್ಟುಕೊಂಡಿದ್ದ ಸುಳ್ಳನ್ನೆಲ್ಲ ಒಂದೇ ದಿನ ಖರ್ಚು ಮಾಡಿದರು. ಅದಕ್ಕೆ ಅವರು ಆರಿಸಿಕೊಂಡ ಸ್ಥಳ, ನಾನು ಕೆಲಸ ಮಾಡುವ ವಿದ್ಯಾಸಂಸ್ಥೆಯ ಅಧ್ಯಕ್ಷರ ಮನೆಯ ಪಡಸಾಲೆ.

ಆ ಸಂಸ್ಥೆಯ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹಂಗಾಮಿ ಶಿಕ್ಷಕಿ. ನನ್ನ ಕೈಯಲ್ಲಿ ಕಲಿತ ಹುಡುಗಿಯರು ತಮ್ಮ ಮಕ್ಕಳನ್ನು ಶಾಲೆಗೆ ಸೇರಿಸಲು ಬರತೊಡಗಿದ್ದಾರೆ. ನಾನು ಇನ್ನೂ ಹಂಗಾಮಿಯೇ. ಆ ವರ್ಷ ಹಿರಿಯ ಕನ್ನಡ ಶಿಕ್ಷಕರು ನಿವೃತ್ತರಾಗಿ ಒಂದು ಕಾಯಂ ಜಾಗ ತೆರವಾಗಿತ್ತು. ಅರ್ಹತೆ, ಅನುಭವ ಎಲ್ಲವೂ ನನಗಿದ್ದವು. ಇನ್ನು ಬೇಕಾಗಿದ್ದದ್ದು ಅಧ್ಯಕ್ಷ ಸಿದ್ದಲಿಂಗಪ್ಪನವರ ಪ್ರಸನ್ನತೆ ಒಂದೇ. ಅವರು ಹತ್ತಿಯ ವ್ಯಾಪಾರಿಗಳು. ಹತ್ತಿಯನ್ನು ಮುಟ್ಟಿ ನೋಡಿ ತರಗತಿ ಹೇಳುವ ಹಾಗೆಯೇ ಶಿಕ್ಷಕರನ್ನೂ ನೋಡುತ್ತಾರೆ.

ಸಂಕ್ರಾಂತಿಗೆ ಕುಸುರೆಳ್ಳು ಕೊಡಲು ಶಿಕ್ಷಕರೆಲ್ಲ ಸಂಸಾರಸಮೇತ ಅವರ ಮನೆಗೆ ಹೋಗುವುದು ಸಂಪ್ರದಾಯ. ಹೋದೆವು. ಸಾಲಾಗಿ ಕುಳಿತೆವು. ಉಗಾದಿ ಕಳೆದ ಮೇಲೆ ಅಧ್ಯಕ್ಷರಿಗೆ ಎಪ್ಪತ್ತೈದು ತುಂಬಿ ಅಮೃತ ಮಹೋತ್ಸವ ನಡೆಯಲಿತ್ತು. ಅದರ ಚಿಂತೆಯಲ್ಲಿ ಅವರು ಮುಖ ಗಂಟಿಕ್ಕಿಕೊಂಡಿದ್ದರು.

"ಆ ಎದುರಂಗಡಿ ಮಂದಿ ತಮ್ಮಪ್ಪನ ಅಮೃತ ಮಹೋತ್ಸವದಾಗ ಗಿಟಾರ್ ಬಾರಿಸ್ಯಾರ. ಏನ್ ಕೈ, ಏನ್ ಬಟ್ಟು! ನಮ್ಮ ಸಂಸ್ಥಾದಾಗ ಇಷ್ಟ ಮಂದಿ ಅದೀರಿ, ಒಬ್ಬರಿಗರ ಬರತೈತೇನು? ಬರೀ ಭಜನಿ ಮಂದಿ."

ಎಲ್ಲರೂ ತಪ್ಪಿತಸ್ಥರಂತೆ ತಲೆ ತಗ್ಗಿಸಿದರು. ಕುಸುರೆಳ್ಳು ಬಾಯಲ್ಲಿದ್ದಾಗ ಒಳ್ಳೆಯ ಮಾತಾಡಬೇಕೆಂದು ನಮ್ಮಲ್ಲಿ ಹೇಳುತ್ತಾರೆ. ಯಜಮಾನರ ಬಾಯಲ್ಲಿ ಒಂದು ಮುಷ್ಟಿ ಇತ್ತು.

"ನಾ ಬಾರಸ್ತೇನಲ್ರಿ ಸಾವ್ಕಾರ್ರ."

ನಾನು ಪಕ್ಕದಲ್ಲಿದ್ದವರು ಯಾರೋ ಹೇಳಿದರೆಂದುಕೊಂಡು ಆ ಕಡೆ ನೋಡಿದೆ. ಆ ಕಡೆ ಗೋಡೆ ಇತ್ತು.

"ನೀವಾ? ಪಂಪ್‌ಸೆಟ್ಟಿನವ್ರು?"

"ಹೂನ್ರಿ. ಕಾಲೇಜಿನ್ಯಾಗಿಂದನೂ ಬಾರಸ್ತೇನ್ರಿ."

ಕಾಲೇಜಿನಲ್ಲಿ ಅವರಿಗೂ ಗಿಟಾರಿಗೂ ಇದ್ದ ಸಂಬಂಧವನ್ನು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಗೆಳೆಯನೊಬ್ಬನ ಗಿಟಾರನ್ನು ಧಾರವಾಡ ಸ್ಟೇಷನ್ನಿನಿಂದ ಹಾಸ್ಟೆಲಿನವರೆಗೆ ಹೊತ್ತುಕೊಂಡು ಹೋಗಿದ್ದರು. ಅದೂ ಚೀಲದೊಳಗಿತ್ತು.

ಅಧ್ಯಕ್ಷರ ಮುಖ ಅರಳಿತು. "ಅಲ್ಲ ಟೀಚರ್ರ, ಮನ್ಯಾಗ ಇಂಥ ಕಲಾವಿದರನ್ನ ಇಟ್ಕೊಂಡು ಒಂದ ಮಾತೂ ಹೇಳಿಲ್ಲಲ್ಲ!" ಎಂದು ನನ್ನನ್ನು ಗದರಿದರು. "ಪತ್ರಿಕ್ಯಾಗ ಹೆಸರು ಹಾಕಸ್ತೇನಿ. ನಿಮ್ಮ ಕಾಯಂ ವಿಷಯನೂ ನನ್ನ ತಲ್ಯಾಗ ಐತಿ. ಚಿಂತಿ ಮಾಡಬ್ಯಾಡ್ರಿ."

ಚಿಂತೆ ಅಲ್ಲಿಂದಲೇ ಶುರುವಾಯಿತು. ಸ್ಕೂಟರ್ ಮೇಲೆ ಬರುವಾಗ ಕೇಳಿದೆ, "ಏನ್ರೀ ಇದು?"

"ನಿನ್ನ ಸಲುವಾಗಿನ ಹೇಳಿದೆ ವಾಣಿ. ಅವ್ರು ಎಷ್ಟ ಖುಷಿ ಆದ್ರು ನೋಡಿದ್ಯಿಲ್ಲ?"

"ನನ್ನ ಸಲುವಾಗಿ ಕುಸುರೆಳ್ಳು ತಿಂದು ಸುಮ್ಕ ಕುಂದರಬೇಕಿತ್ತು."

"ಮೂರ ತಿಂಗಳೈತಿ. ಆರ ತಂತಿ. ತಿಂಗಳಿಗೆ ಎರಡು ಕಲತ್ರಾತು."

ಇದು ಅವರ ಸಂಗೀತಜ್ಞಾನ.

ಕಲಿಯುವುದರಲ್ಲಿ ಒಂದು ಸೂಕ್ಷ್ಮ ತೊಡಕಿತ್ತು. ಬಾರಿಸುತ್ತೇನೆ ಎಂದು ಹೇಳಿಕೊಂಡವರು ಕಲಿಯುತ್ತಿರುವುದು ಯಾರಿಗೂ ಗೊತ್ತಾಗಬಾರದು. ಅದರಲ್ಲೂ ಪಕ್ಕದ ಮನೆಯ ಬಾಳವ್ವನಿಗೆ ಗೊತ್ತಾಗಲೇಬಾರದು. ಬಾಳವ್ವನ ಮೈದುನ ಸಿದ್ದಲಿಂಗಪ್ಪನವರ ಅಂಗಡಿಯ ಗುಮಾಸ್ತ, ನಮ್ಮ ಮನೆಯಲ್ಲಿ ಮುಂಜಾನೆ ಸೀನಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಅಧ್ಯಕ್ಷರು, "ಯಾರಿಗೆ ನೆಗಡಿ?" ಎಂದು ಕೇಳುತ್ತಾರೆ. ಆದ್ದರಿಂದ ಯಜಮಾನರು ಗಿಟಾರನ್ನು ಗೋಧಿಯ ಚೀಲದಲ್ಲಿ ಸುತ್ತಿ ತಂದು, ಕಿಟಕಿ ಮುಚ್ಚಿ, ಮೊಬೈಲಿನಲ್ಲಿ ಒಬ್ಬ ಹುಡುಗನ ವಿಡಿಯೋ ಹಚ್ಚಿ ಕಲಿಯಲು ಕುಳಿತರು. ಎರಡು ವಾರ ಕನ್ನಡಿಯಲ್ಲಿ ನೋಡಿದವರ ಹಾಗೆ ಎಡಕ್ಕಿದ್ದದ್ದನ್ನು ಬಲಕ್ಕೆ ಹಿಡಿದು ಅಭ್ಯಾಸ ಮಾಡಿದರು. ತಂತಿ ಒತ್ತಬೇಕಾದ ಕೈ ಮೀಟುತ್ತಿತ್ತು, ಮೀಟಬೇಕಾದ ಕೈ ಒತ್ತುತ್ತಿತ್ತು. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದು, ರೊಟ್ಟಿ ಮುರಿಯಲೂ ಬಾರದೆ, ಚಮಚದಲ್ಲಿ ಅನ್ನ ತಿನ್ನತೊಡಗಿದರು.

ಒಂದು ದಿನ ಬಾಳವ್ವ ಬಟ್ಟಲು ಹಿಡಿದುಕೊಂಡು ಬಂದಳು.

"ಟೀಚರ್ರ, ನಿಮ್ಮ ಮನೀದು ಯಾವ್ದೋ ಬಾಗಲಾ ಕಿರ್ರ್ ಅನ್ನಾಕತ್ತೈತಿ ನೋಡ್ರಿ. ಎಣ್ಣಿ ತಂದೇನಿ, ಬಿಡ್ರಿ ಅದಕ್ಕ."

ಒಳಗಿನ ಕಿರ್ರ್ ನಿಂತಿತು.

"ಹೂನ್ರಿ ಬಾಳವ್ವಾರ. ಕೀಲು ಜಂಗ್ ಹಿಡದೈತಿ," ಎಂದೆ. ನಾನು ಮಾತನ್ನು ತೂಗಿ ಆಡುವವಳು. ಇದು ಸುಳ್ಳೆಂದು ನನಗೆ ಇಂದಿಗೂ ಪೂರ್ತಿ ಅನಿಸಿಲ್ಲ.

ಗುರುಗಳಿಲ್ಲದೆ ಆಗುವುದಿಲ್ಲವೆಂದು ತೀರ್ಮಾನವಾಯಿತು. ಊರಿನ ಗಿಟಾರ್ ಕ್ಲಾಸುಗಳಲ್ಲೆಲ್ಲ ನನ್ನ ವಿದ್ಯಾರ್ಥಿಗಳೇ ತುಂಬಿದ್ದರು. ಯಜಮಾನರು ಹುಡುಕಿ ಹುಡುಕಿ, ನಮ್ಮವರು ಯಾರೂ ಕಾಲಿಡದ ಸುರಕ್ಷಿತ ಜಾಗವೊಂದನ್ನು ಕಂಡುಹಿಡಿದರು. ಮಿಶನ್ ಕಂಪೌಂಡಿನಲ್ಲಿ ಎಡಿತ್ ಟೀಚರ್ ಎಂಬ ವಯಸ್ಸಾದ ಹೆಂಗಸಿದ್ದರು. ಮಿಶನ್ ಶಾಲೆಯಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಬಿಳಿ ಸೀರೆ, ಬಿಳಿ ಕೂದಲು, ಧಾರವಾಡದ ಮೃದು ಮಾತು. ಯಜಮಾನರನ್ನು ಒಬ್ಬರನ್ನೇ ಕಳಿಸುವ ಧೈರ್ಯ ಸಾಲದೆ ಮೊದಲ ದಿನ ನಾನೂ ಹೋಗಿದ್ದೆ.

ಎಡಿತ್ ಟೀಚರ್ ಯಜಮಾನರ ಕೈಗಳನ್ನು ಅದಲುಬದಲು ಮಾಡಿ ಗಿಟಾರ್ ಹಿಡಿಸಿದರು. "ಈಗ ಮೀಟ್ರಿ."

ಮೀಟಿದರು. ಝಂಯ್ ಎಂದಿತು. ಹಿಂದೆಯೇ ಟಕ್ ಎಂದಿತು.

"ಏನದು ಟಕ್ ಅಂತು?"

ಮತ್ತೆ ಮೀಟಿದರು. ಝಂಯ್. ಟಕ್. ಎಡಿತ್ ಟೀಚರ್ ತಂತಿಗಳನ್ನು ಸಡಿಲಿಸಿ ಬಿಗಿದರು, ಕಿವಿಯಿಟ್ಟು ಕೇಳಿದರು, ಗಿಟಾರನ್ನು ಹಸುಗೂಸಿನ ಹಾಗೆ ಮಗುಚಿ ಬೆನ್ನು ತಟ್ಟಿದರು. ಅವರು ಬಾರಿಸಿದರೆ ಟಕ್ ಇಲ್ಲ. ಯಜಮಾನರು ಬಾರಿಸಿದರೆ ಇದೆ. ಕೊನೆಗೆ ನನಗೇ ಹೊಳೆಯಿತು. ಅಂಗಿಯೊಳಗೆ ಎದೆಯ ಮೇಲೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಇತ್ತು. ಕೈ ಆಡಿದಾಗಲೆಲ್ಲ ಅದು ಗಿಟಾರಿನ ಬೆನ್ನಿಗೆ ಬಡಿಯುತ್ತಿತ್ತು.

"ಅದನ್ನ ಒಂಚೂರು ಬಾಜೂಕ ಸರಸ್ತೀರೇನು?" ಎಂದರು ಟೀಚರ್, ಬಹಳ ಸಂಕೋಚದಿಂದ.

ಬಾಜೂಕೆ ಸರಿಸಿದರೆ ಬಗಲಿಗೆ ಬಂತು. ಬೆನ್ನಿಗೆ ಹಾಕಿಕೊಂಡರೆ ಕುರ್ಚಿಗೆ ಬಡಿಯಿತು. ಯಜಮಾನರು ಕೊರಳಿಂದ ಶಿವದಾರವನ್ನು ತೆಗೆದು, ಕಣ್ಣಿಗೊತ್ತಿಕೊಂಡು, ಕರಡಿಗೆಯನ್ನು ಗಿಟಾರ್ ಚೀಲದ ಜೇಬಿನಲ್ಲಿಟ್ಟು ಜಿಪ್ ಎಳೆದರು.

"ತಗೀಬಾರ್ದು ಅಂತಾರಲ್ರೀ," ಎಂದೆ.

"ಆಮ್ಯಾಲೆ ಹಾಕ್ಕೊಂಡ್ರಾತು."

ನಮ್ಮ ಸಂಸಾರದ ಅನಾಹುತಗಳಿಗೆಲ್ಲ ಮೂಲ ಈ 'ಆಮ್ಯಾಲೆ'.

ಎಡಿತ್ ಟೀಚರ್‌ಗೆ ಬಿಡುವು ಇದ್ದದ್ದು ರವಿವಾರ, ಆರಾಧನೆ ಮುಗಿದ ಮೇಲೆ. ಪಾಠ ಚರ್ಚಿನ ಪಕ್ಕದ ಕೋಣೆಯಲ್ಲಿ. ಗಿಟಾರನ್ನು ಹೊತ್ತು ತಿರುಗಿದರೆ ಬಾಳವ್ವನ ಕಣ್ಣಿಗೆ ಬೀಳುತ್ತದೆಂದು ಯಜಮಾನರು ಅದನ್ನು ಅಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ ಬರತೊಡಗಿದರು. ಹೀಗಾಗಿ ಪ್ರತಿ ರವಿವಾರ, ತೊಳೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, "ಎಲ್ಲಿಗ್ರಿ?" ಎಂದು ಕೇಳಿದರೆ "ಹಿಂಗ, ವಾಕಿಂಗ್" ಎಂದು ತಡವರಿಸುತ್ತ, ಚರ್ಚಿನ ಗೇಟಿನೊಳಗೆ ಹೋಗುವ ಮನುಷ್ಯನನ್ನು ಊರು ನೋಡಿತು. ಅವರು ಗುಟ್ಟು ಕಾಯಲು ಮಾಡಿದ ಒಂದೊಂದು ಉಪಾಯವೂ ಬೇರೆ ಏನೋ ಒಂದು ಗುಟ್ಟಿನಂತೆ ಕಾಣುತ್ತಿತ್ತು.

ಮೊದಲು ಬಾಳವ್ವನ ಎಣ್ಣೆಯ ಬಟ್ಟಲು ಬರುವುದು ನಿಂತಿತು. ಆಮೇಲೆ ಅವಳ ದನಿ ಮೆತ್ತಗಾಯಿತು. ಅದು ಹೆಚ್ಚು ಭಯ ಹುಟ್ಟಿಸುವಂಥದ್ದು.

"ಟೀಚರ್ರ, ಮನ್ಯಾಗ ಏನರ ತ್ರಾಸ ಐತೇನ್ರಿ? ನಮ್ಮ ಮಠದಾಗ ಹೇಳ್ರಿ, ಅಲ್ಲೇ ಸಹಾಯ ಮಾಡ್ತಾರ. ಹೊರಗ ಯಾಕ ಹೋಗಬೇಕು?"

"ತ್ರಾಸ ಏನಿಲ್ರಿ ಬಾಳವ್ವಾರ."

"ಹಂಗಾದ್ರ ಚರ್ಚಿಗೆ ಸೇರಿದವ್ರಿಗೆ ಅಕ್ಕಿ ಎಷ್ಟ ಕೊಡ್ತಾರ್ರಿ?"

ಒಂದು ಮಾತು ಹೇಳಿದ್ದರೆ ಎಲ್ಲ ಮುಗಿಯುತ್ತಿತ್ತು: ಅವರು ಗಿಟಾರ್ ಕಲಿಯಲು ಹೋಗುತ್ತಾರೆ. ಆ ಮಾತು ಮಧ್ಯಾಹ್ನಕ್ಕೆ ಮುಂಚೆ ಅಧ್ಯಕ್ಷರನ್ನು ಮುಟ್ಟುತ್ತಿತ್ತು. ಕಲಿಯುವವನೆಂದರೆ ಸುಳ್ಳುಗಾರ, ಸುಳ್ಳುಗಾರನ ಹೆಂಡತಿಗೆ ಕಾಯಂ ಇಲ್ಲ. ಕಲಿಯುವುದಿಲ್ಲವೆಂದರೆ ಚರ್ಚಿಗೆ ಹೋಗುವವನು. ಅವನ ಹೆಂಡತಿಗೂ ಕಾಯಂ ಇಲ್ಲ. ನಾನು ಎರಡನ್ನೂ ತೂಗಿ ನೋಡಿ, "ನಾವು ಅಕ್ಕಿ ಗೋಕುಲ ರಸ್ತೇದಾಗ ತಗೋತೇವ್ರಿ," ಎಂದೆ. ಬಾಳವ್ವ ನನ್ನ ಕೈ ಹಿಡಿದು ಅತ್ತಳು.

ಅವಳು ಫೋನು ಮಾಡಿದ್ದು ಉಪ್ಪಿನಬೆಟಗೇರಿಗೆ, ಯಜಮಾನರ ತಂಗಿ ಉಮಾಶ್ರೀಗೆ. ಒಂದು ಸೋಮವಾರ ಮುಂಜಾನೆ ಉಮಾಶ್ರೀ ಊರಿನ ಅಯ್ಯನವರನ್ನು ಕರೆದುಕೊಂಡು ಬಂದು ಇಳಿದಳು. ಅಯ್ಯನವರು ಮನೆತನದ ಹಿರಿಯ ಗುರುಗಳು. ಯಜಮಾನರಿಗೆ ಲಿಂಗ ಕಟ್ಟಿದವರೇ ಅವರು. ಇವರ ಹಿಂದೆ, ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ, ಬಾಳವ್ವ ಬಂದು ಬಾಗಿಲಲ್ಲಿ ನಿಂತಳು.

"ಅಣ್ಣಾ, ಅಯ್ಯನವರು ಬಂದಾರ. ಅವ್ರ ಮುಂದ ಪೂಜಿ ಮಾಡ್ಕೋ."

"ನಂದ ಆತಲ್ಲ ಆಗಳೇ."

"ಇನ್ನೊಮ್ಮೆ ಮಾಡ್ಕೋ. ದೇವ್ರೇನ್ ಸಾಕು ಅಂತಾನ?"

ಯಜಮಾನರು ಎದೆ ಮುಟ್ಟಿಕೊಂಡರು. ಕೈ ಅಲ್ಲೇ ನಿಂತಿತು. ಹಿಂದಿನ ದಿನ ಪಾಠ ಮುಗಿಸಿ, ಚೀಲ ಅಲ್ಲೇ ಬಿಟ್ಟು, ಬೆರಳುಗಳನ್ನು ಊದಿಕೊಳ್ಳುತ್ತ ಬಂದಿದ್ದರು.

"ಎಲ್ಲೈತಿ ಲಿಂಗಾ?" ಎಂದಳು ಉಮಾಶ್ರೀ.

ನಾನು ಕಣ್ಣಿನಲ್ಲೇ ಎಷ್ಟೋ ಉತ್ತರಗಳನ್ನು ಸೂಚಿಸಿದೆ. ಅಕ್ಕಸಾಲಿಗರಲ್ಲಿಗೆ ಕೊಟ್ಟಿದ್ದೇವೆ, ದಾರ ಹರಿದಿದೆ, ಸ್ನಾನದ ಮನೆಯಲ್ಲಿದೆ. ಆದರೆ ಎರಡು ತಿಂಗಳು ಸುಳ್ಳು ಹೇಳಿ ದಣಿದಿದ್ದ ಆ ಸತ್ಯವಂತರು ಆ ಗಳಿಗೆಯಲ್ಲೇ ತಮ್ಮ ಮೂಲ ಸ್ವಭಾವಕ್ಕೆ ಮರಳಿದರು.

"ಚರ್ಚಿನ್ಯಾಗ ಐತಿ," ಎಂದರು.

ಬಾಳವ್ವನ ಕೈಯಿಂದ ಬಟ್ಟಲು ಬಿತ್ತು. ಸ್ಟೀಲಿನ ಬಟ್ಟಲು, ಬಹಳ ಹೊತ್ತು ತಿರುಗಿತು. ಉಮಾಶ್ರೀ ನೆಲಕ್ಕೆ ಕುಳಿತು, "ನಮ್ಮಪ್ಪ ಒಂದ ದಿನ ಪೂಜಿ ಇಲ್ದ ನೀರ ಮುಟ್ಟಲಿಲ್ಲೋ ಅಣ್ಣಾ! ವೈನಿ, ನೀವರ ಹೇಳಬಾರ್ದಾ? ಕನ್ನಡಾ ಕಲಸ್ತೀರಿ, ವಚನಾ ಕಲಸ್ತೀರಿ!" ಎಂದು ದನಿ ತೆಗೆದಳು. ಅಯ್ಯನವರು ಮಾತ್ರ ಸಮಾಧಾನದಿಂದ, "ಯಾವ ಚರ್ಚು? ಸ್ಟೇಶನ್ ಕಡೇದೋ, ಕಂಪೌಂಡಿಂದೋ?" ಎಂದು ಕೇಳಿದರು.

ಉತ್ತರ ಆಟೋದಲ್ಲಿ ಬಂತು. ನಮ್ಮ ಓಣಿಯ ಜನರೆಲ್ಲ ಬಾಗಿಲಿಗೆ ಬರಲೆಂಬಂತೆ ಅದು ಎರಡು ಸಲ ಹಾರ್ನ್ ಹೊಡೆದು ನಿಂತಿತು. ಬಿಳಿ ಸೀರೆಯ ಎಡಿತ್ ಟೀಚರ್ ಇಳಿದರು. ಎರಡೂ ಕೈಗಳಲ್ಲಿ, ಇಸ್ತ್ರಿ ಮಾಡಿದ ಬಿಳಿ ವಸ್ತ್ರದಲ್ಲಿ ಸುತ್ತಿದ ಕರಡಿಗೆ.

"ಬಸವಕಿರಣ ಅವ್ರು ಮರ್ತು ಬಂದಿದ್ರು. ರಾತ್ರಿ ನನಗ ನಿದ್ದಿನ ಬರಲಿಲ್ರಿ. ಎಲ್ಲೆರ ಇಡಾಕ ಮನಸ್ಸಾಗಲಿಲ್ಲ, ಅದಕ್ಕ ನಮ್ಮ ಪ್ರಾರ್ಥನಾ ಪೀಠದ ಮ್ಯಾಲೇ ಇಟ್ಟಿದ್ದೆ. ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಅವರ ಒಳ್ಳೆಯತನಕ್ಕೆ ಎಣೆಯಿಲ್ಲ. ನಮ್ಮ ಕೇಡಿಗೂ ಇರಲಿಲ್ಲ.

"ನಮ್ಮ ಬಸವಕಿರಣ ಅವ್ರು ಭಾಳ ಮನಸ್ಸಿಟ್ಟು ಕಲಿಯಾಕತ್ತಾರ," ಎಂದು ಅವರು ಬಾಳವ್ವನ ಕಡೆಗೂ ನಕ್ಕರು. "ಇನ್ನ ಸ್ವಲ್ಪ ಉಳದೈತಿ. ಉಗಾದಿ ಒಳಗ ಪೂರ್ತಿ ಆಗತೈತಿ."

ಬಾಳವ್ವ ಬಟ್ಟಲನ್ನು ಅಲ್ಲೇ ಬಿಟ್ಟು ಹೋದಳು. ಹೆಪ್ಪನ್ನೂ ಒಯ್ಯಲಿಲ್ಲ.

ಅಯ್ಯನವರು ಕರಡಿಗೆಯನ್ನು ತೆಗೆದುಕೊಂಡು, ಬಿಚ್ಚಿ ನೋಡಿ, ಯಜಮಾನರ ಕೊರಳಿಗೆ ಮತ್ತೆ ಕಟ್ಟಿದರು. "ಈ ಅವ್ವ ಒಂದ ರಾತ್ರಿ ಇಟ್ಕೊಂಡಷ್ಟು ಜ್ವಾಕಿಲೆ ನೀ ಇಷ್ಟ ವರ್ಷ ಇಟ್ಕೊಂಡಿದ್ದ್ರ ಸಾಕಿತ್ತಲ್ಲೋ," ಎಂದರು. ಆಮೇಲೆ ಅವರೂ ಎಡಿತ್ ಟೀಚರೂ ಎದುರುಬದುರು ಕುಳಿತು ಚಹಾ ಕುಡಿಯುತ್ತ ಮೊಣಕಾಲು ನೋವಿನ ಬಗ್ಗೆ ಮಾತಾಡಿದರು. ಇಡೀ ಪ್ರಕರಣದಲ್ಲಿ ಧರ್ಮದ ವಿಷಯದಲ್ಲಿ ಯಾವ ತಕರಾರೂ ಇಲ್ಲದಿದ್ದವರು ಅವರಿಬ್ಬರೇ. ಆದರೆ ಅವರ ಕೈಯಲ್ಲಿ ನನ್ನ ನೌಕರಿ ಇರಲಿಲ್ಲ.

ಮರುದಿನ ಅಧ್ಯಕ್ಷರು ಕರೆಸಿದರು. ಶಾಲೆಯಲ್ಲಿ ಅವರ ಕೋಣೆ ಹೊಸದಾಗಿ ಕಟ್ಟಿಸಿದ್ದು, ತಂಪು ಹವೆಯದು. ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸಿದ್ದಾರೆ.

"ಟೀಚರ್ರ, ಮಂದಿ ಏನೇನೋ ಅನ್ನಾಕತ್ತಾರ."

"ಏನ ಅಂತಾರ್ರಿ ಸರ್?"

"ಅದನ್ನ ನನ್ನ ಬಾಯಿಲೆ ಅನಸಬ್ಯಾಡ್ರಿ. ನನಗೇನೂ ಇಲ್ಲ. ನನ್ನ ಅಂಗಡ್ಯಾಗ ಶಾನವಾಜ ಇದ್ದಾನ, ಎಲ್ಲಾರೂ ಅದಾರ. ಆದ್ರ ಕಮಿಟ್ಯಾಗಿನ ಮಂದಿ ಕೇಳ್ತಾರ." ಅವರು ಅಚ್ಚಾಗಿ ಬಂದಿದ್ದ ಆಮಂತ್ರಣ ಪತ್ರಿಕೆಗಳ ಕಟ್ಟನ್ನು ತಟ್ಟಿದರು. "ಗಿಟಾರ್ ವಾದನ ಅಂತ ನಿಮ್ಮವ್ರ ಹೆಸರು ಅಚ್ಚ ಹಾಕಿಸಿ ಆಗೇತಿ. ಇನ್ನ ತಗ್ಯಾಕ ಬರೂದಿಲ್ಲ. ಒಂದ ಕೆಲಸಾ ಮಾಡ್ರಿ. ಹಣಿ ತುಂಬ ವಿಭೂತಿ ಹಚ್ಚಿ, ಲಿಂಗಾ ಅಂಗಿ ಮ್ಯಾಲೆ ಕಾಣೂಹಂಗ ಹಾಕ್ಕೊಂಡು ಕುಂದರಾಕ ಹೇಳ್ರಿ. ಎಲ್ಲಾರೂ ನೋಡಿ ಬಾಯಿ ಮುಚ್ಚಲಿ. ವಾದನ ಮುಗದ ಕೂಡ್ಲೆ ನಿಮ್ಮ ಕಾಯಂ ಆರ್ಡರ್ ಅಲ್ಲೇ ಸ್ಟೇಜಿನ ಮ್ಯಾಲೆ ಕೊಡ್ತೇನಿ."

ಮನೆಗೆ ಬಂದು ಹೇಳಿದೆ. ಯಜಮಾನರು ಈಗ ಗಿಟಾರನ್ನು ಮನೆಗೆ ತಂದು ಬಹಿರಂಗವಾಗಿಯೇ ಅಭ್ಯಾಸ ಮಾಡುತ್ತಿದ್ದರು. ಕೇಳಲು ಯಾರೂ ನಮ್ಮ ಮನೆಗೆ ಬರುತ್ತಿರಲಿಲ್ಲ.

"ಏನ ಬಾರಸ್ತೀರಿ ಅವತ್ತು?"

"ಬರೂದ ಒಂದು. ಟೀಚರ್ ಎಲ್ಲಾರಿಗೂ ಮೊದಲ ಅದನ್ನ ಕಲಸ್ತಾರಂತ. ಮೂರ ಕಾರ್ಡಿನ್ಯಾಗ ಮುಗೀತೈತಿ."

"ಯಾವ ಹಾಡದು?"

"ಹಾಡಿ ತೋರಿಸಿಲ್ಲ, ಬರೀ ಗುಣಗುಣಸ್ತಾರ. ಯಾವ್ದೋ ಸಾಲಿ ಪ್ರಾರ್ಥನಿ ಅಂದ್ರಪಾ. ಸಾಲಿ ಅಧ್ಯಕ್ಷರ ಮುಂದ ಸಾಲಿ ಪ್ರಾರ್ಥನಿ ಬಾರಿಸಿದ್ರ ಅದಕ್ಕಿಂತ ಛಲೋ ಯಾವ್ದೈತಿ?"

ಅವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಯಾವ ಶಾಲೆ ಎಂದು ಅವರು ಕೇಳಿರಲಿಲ್ಲ. ನಾನೂ ಕೇಳಲಿಲ್ಲ. ನನ್ನ ತಲೆಯಲ್ಲಿ ಆರ್ಡರ್ ಒಂದೇ ಇತ್ತು.

ಅಮೃತ ಮಹೋತ್ಸವ ಗಬ್ಬೂರ ಬೈಪಾಸಿನ ಹತ್ತಿರದ ದೊಡ್ಡ ಹಾಲ್‌ನಲ್ಲಿ ನಡೆಯಿತು. ಮುಂದಿನ ಸಾಲುಗಳಲ್ಲಿ ಹತ್ತಿ, ಕಾಳು, ಎಣ್ಣೆಯ ಹಿರಿಯ ವ್ಯಾಪಾರಿಗಳು, ಅಧ್ಯಕ್ಷರ ವಾರಿಗೆಯವರು. ನಡುವೆ ಅಧ್ಯಕ್ಷರ ಅಣ್ಣ ಫಕೀರಪ್ಪನವರು. ಬಹಳ ವಯಸ್ಸಾಗಿ ಕಿವಿ ಕೇಳದ್ದರಿಂದ ಧ್ವನಿವರ್ಧಕದ ಪೆಟ್ಟಿಗೆಯ ಎದುರಿಗೇ ಅವರನ್ನು ಕೂರಿಸಿದ್ದರು. ವೇದಿಕೆಯ ಪಕ್ಕದಲ್ಲಿ ಬೆಳ್ಳಿಯ ತಟ್ಟೆ. ಅದರಲ್ಲಿ ಶಾಲು, ಹಾರ, ಮತ್ತು ಒಂದು ಉದ್ದನೆಯ ಲಕೋಟೆ. ನಾನು ಆ ಲಕೋಟೆಯನ್ನು ನೋಡುತ್ತ ಕುಳಿತೆ.

ಯಜಮಾನರು ಬಂದರು. ಹಣೆಯಲ್ಲಿ ವಿಭೂತಿ ಎಷ್ಟಿತ್ತೆಂದರೆ ಹುಬ್ಬುಗಳು ಕಾಣುತ್ತಿರಲಿಲ್ಲ. ಅಂಗಿಯ ಮೇಲೆ ಕರಡಿಗೆ ಹೊಳೆಯುತ್ತಿತ್ತು. ಬಾಳವ್ವ ಹಿಂದಿನ ಸಾಲಿನಿಂದ ಎದ್ದು ನಿಂತು ನೋಡಿ, ಒಪ್ಪಿಗೆಯಿಂದ ತಲೆಯಾಡಿಸಿ ಕುಳಿತಳು. ಕುರ್ಚಿ ಹಾಕಿದರು, ಮೈಕು ತಂದು ಗಿಟಾರಿಗೆ ತಾಗಿಸಿದರು.

ಝಂಯ್. ಟಕ್. ಝಂಯ್. ಟಕ್.

ಮೈಕಿನಲ್ಲಿ ಕರಡಿಗೆಯ ಸದ್ದು ಹಲಗೆಯ ತಾಳದಂತೆ ಕೇಳಿಸಿತು. ಬಹಳ ಚೆನ್ನಾಗಿತ್ತು. ಯಾರೋ ಕಾಲಿನಿಂದ ತಾಳ ಹಾಕಿದರು. ಯಜಮಾನರು ಒಂದನೆಯ ಕಾರ್ಡಿನಿಂದ ಎರಡನೆಯದಕ್ಕೆ ಹೋದರು, ಬೀಳಲಿಲ್ಲ. ಎರಡರಿಂದ ಮೂರಕ್ಕೆ ಹೋದರು, ಆಗಲೂ ಬೀಳಲಿಲ್ಲ. ಮೂರು ತಿಂಗಳಲ್ಲಿ ಒಮ್ಮೆಯೂ ತಪ್ಪದೆ ಬಾರಿಸದ ಮನುಷ್ಯ ಅಂದು ನೀರು ಹರಿದಂತೆ ಬಾರಿಸಿದರು.

ಆಗ ಮುಂದಿನ ಸಾಲಿನಲ್ಲಿ ಏನೋ ಆಯಿತು. ಎಣ್ಣೆಯ ವ್ಯಾಪಾರಿಯೊಬ್ಬರು ಕಣ್ಣು ಮುಚ್ಚಿದರು. ಕಾಳಿನವರು ನೆಟ್ಟಗೆ ಕುಳಿತು ಕೈಕಟ್ಟಿದರು, ಸಣ್ಣ ಹುಡುಗರ ಹಾಗೆ. ಸಿದ್ದಲಿಂಗಪ್ಪನವರ ತುಟಿ ಅಲುಗಿತು. ಮೊದಲು ಗುಣುಗುಣು, ಆಮೇಲೆ ದನಿ, ಆಮೇಲೆ ಇಡೀ ಸಾಲು:

"ಮುಂಜಾವಿನ ಒಡೆಯನೆ, ಮುಚ್ಚಿದ ಕದ ತೆರೆ,
ಅಂಜುತ ನಿಂತಿಹ ಮಕ್ಕಳ ಹೆಸರ್ಹಿಡಿದು ಕರೆ..."

ಆ ಕಾಲದಲ್ಲಿ ಊರಿನ ಸಾವಕಾರರೆಲ್ಲ ಇಂಗ್ಲಿಷ್ ಬರಲಿ ಎಂದು ಮಕ್ಕಳನ್ನು ಮಿಶನ್ ಶಾಲೆಗೆ ಹಾಕುತ್ತಿದ್ದರಂತೆ. ಇದು ನಮಗೆ ಹೇಗೆ ಗೊತ್ತಾಗಬೇಕು? ನಾವು ಸರ್ಕಾರಿ ಶಾಲೆಯವರು. ಅವರಿಗೆ ದಿನಾ ಮುಂಜಾನೆ ಇದೇ ಪ್ರಾರ್ಥನೆ. ಅರವತ್ತೈದು ವರ್ಷಗಳ ಹಿಂದೆ ಬಾಯಿಗೆ ಬಂದದ್ದು, ತಲೆಯನ್ನು ಕೇಳದೆ, ನೇರವಾಗಿ ಬಾಯಿಂದಲೇ ಹೊರಟಿತ್ತು. ಸಿದ್ದಲಿಂಗಪ್ಪನವರ ಕಣ್ಣಲ್ಲಿ ನೀರು. ಕೈಗಳು ಎದೆಯ ಹತ್ತಿರ ಜೋಡಿಸಿಕೊಂಡಿದ್ದವು. ಹತ್ತಿಯ ದರ ಬಿದ್ದಾಗಲೂ ಅಳದವರು.

"ಪಾಟಿಯ ನಾವು ಒರೆಸುವೆವು, ಪಾಪವ ನೀನೊರೆ‌ಸು,
ಯೇ..."

ಇಡೀ ಸಾಲಿನ ಬಾಯಿಗಳು ತೆರೆದಲ್ಲೇ ನಿಂತವು.

ನಾನು ಆ ದೃಶ್ಯವನ್ನು ಎಷ್ಟೋ ಸಲ ನೆನೆದಿದ್ದೇನೆ. ಹುಬ್ಬಳ್ಳಿಯ ಅರ್ಧ ಮಾರುಕಟ್ಟೆ 'ಯೇ' ಎಂಬಲ್ಲಿ ಸಿಕ್ಕಿಕೊಂಡು, ಮುಂದಿನ ಅಕ್ಷರವನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕುಳಿತಿತ್ತು. ಯಜಮಾನರು ಮಾತ್ರ, ಪ್ರೇಕ್ಷಕರು ಮೈಮರೆತಿದ್ದಾರೆಂದು ತಿಳಿದು, ಇನ್ನಷ್ಟು ಹುರುಪಿನಿಂದ ಮೂರನೆಯ ಕಾರ್ಡಿಗೆ ಹಾರಿದರು.

ಆ ಮೌನದಲ್ಲಿ ಒಂದೇ ಒಂದು ದನಿ ಮುಂದುವರಿಯಿತು. ಫಕೀರಪ್ಪನವರಿಗೆ ಉಳಿದವರು ನಿಲ್ಲಿಸಿದ್ದು ಕೇಳಿಸಿರಲಿಲ್ಲ.

"ಯೇಸುವೆ, ನಮ್ಮ ದೊರೆ!" ಎಂದು ಅವರು ಕಂಚಿನ ಕಂಠದಲ್ಲಿ ಮುಗಿಸಿ, ಎರಡನೆಯ ನುಡಿ ಹಿಡಿದರು.

"ಅಣ್ಣಾ! ಸಾಕ ಮಾಡೋ! ಮೈಕ್ ಬಂದ್ ಮಾಡ್ರಿ, ಯಾರದೀರಿ ಅಲ್ಲೆ!" ಎಂದು ಸಿದ್ದಲಿಂಗಪ್ಪನವರು ಎದ್ದರು. ಮೈಕು ಬಂದಾಯಿತು. ಫಕೀರಪ್ಪನವರು ಬಂದಾಗಲಿಲ್ಲ. ಮನೆಯ ಹಿರಿಯರ ಬಾಯಿಯನ್ನು ಮುಚ್ಚುವವರು ಯಾರು? ಎರಡನೆಯ ನುಡಿಯನ್ನೂ ಪೂರ್ತಿ ಹಾಡಿ, ಆಮೆನ್ ಎಂದು, ಎಲ್ಲರ ಕಡೆ ತಿರುಗಿ ನಕ್ಕರು. ಅಂದು ಆ ಹಾಲ್‌ನಲ್ಲಿ ಸಂತೋಷವಾಗಿದ್ದವರು ಅವರು ಮತ್ತು ನಮ್ಮ ಯಜಮಾನರು.

ನಾನು ತಟ್ಟೆಯನ್ನು ನೋಡಿದೆ. ಯಾರೋ ಅದನ್ನು ಎತ್ತಿದರು. ಶಾಲು ಹಾರಗಳ ಮೇಲೆ ನನ್ನ ಲಕೋಟೆ ಒಂದು ಕಡೆ ವಾಲಿ, ಜಾರಿ, ಮತ್ತೆ ನೆಟ್ಟಗಾಗಿ, ಅಡುಗೆಮನೆಯ ಕಡೆಯ ಬಾಗಿಲಿಂದ ಒಳಗೆ ಹೋಯಿತು.

"ನಮ್ಮೆಲ್ಲಾರ ಬಾಯಿಲೆ ಅನಿಸಿದ ನೋಡ್ರಿ ಮಗಾ!" ಎಂದು ಕಾಳಿನವರು ಹೇಳುವುದು ಕೇಳಿಸಿತು. ಹಾಡಿದವರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಹಾಡದೆ ಇದ್ದ ಒಬ್ಬರ ತಪ್ಪು ಎಲ್ಲರಿಗೂ ಸ್ಪಷ್ಟವಾಗಿತ್ತು. ಹಿಂದಿನ ಸಾಲಿನಲ್ಲಿ ಬಾಳವ್ವ, "ನಾ ಅಂದಿದ್ದಿಲ್ಲ? ಉಗಾದಿಗೆ ಪೂರ್ತಿ ಆಗತೈತಿ ಅಂತ ಅಕಿನ ಹೇಳಿದ್ಲು," ಎಂದು ನಾಲ್ಕೂ ದಿಕ್ಕಿಗೆ ಸಾಕ್ಷಿ ನುಡಿಯುತ್ತಿದ್ದಳು.

ಊಟಕ್ಕೆ ನಿಲ್ಲಲಿಲ್ಲ. ಬೈಪಾಸಿನಲ್ಲಿ ಸ್ಕೂಟರ್ ಮೇಲೆ, ಗಿಟಾರನ್ನು ತಬ್ಬಿಕೊಂಡು ಹಿಂದೆ ಕುಳಿತಿದ್ದೆ. ಲಾರಿಗಳು ಹಾದುಹೋಗುತ್ತಿದ್ದವು. ಬಹಳ ದೂರ ಬಂದ ಮೇಲೆ ಯಜಮಾನರು ತಲೆಯನ್ನು ಅರ್ಧ ತಿರುಗಿಸಿ ಹೇಳಿದರು:

"ಒಂದೂ ಕಾರ್ಡ್ ತಪ್ಪಲಿಲ್ಲ ನೋಡು ವಾಣಿ."

ಅದು ನಿಜವಾಗಿತ್ತು.

ಜೂನಿನಲ್ಲಿ ಶಾಲೆ ತೆರೆಯಿತು. ಕಾಯಂ ಜಾಗಕ್ಕೆ ಅಧ್ಯಕ್ಷರ ಬೀಗರ ಪೈಕಿಯ ಹುಡುಗಿಯೊಬ್ಬಳು ಬಂದಿದ್ದಳು. ಒಳ್ಳೆಯ ಹುಡುಗಿ. ಹಳಗನ್ನಡ ಪದ್ಯಗಳನ್ನು ಹೇಗೆ ಬಿಡಿಸಬೇಕೆಂದು ಬಿಡುವಿದ್ದಾಗಲೆಲ್ಲ ನನ್ನನ್ನು ಕೇಳುತ್ತಾಳೆ. ಹೇಳಿಕೊಡುತ್ತೇನೆ. ಆ ವಾರವೇ ಅಧ್ಯಕ್ಷರು ನನ್ನನ್ನು ಕೋಣೆಗೆ ಕರೆಸಿದರು.

"ಕುಂದರ್ರಿ ಟೀಚರ್ರ. ನಿಮ್ಮ ಪಾಠದ ಬಗ್ಗೆ ಯಾರದೂ ಒಂದ ಮಾತಿಲ್ಲ. ಆದ್ರ ಕಮಿಟಿ ಐತಲ್ಲ, ಮಂದಿ ಅಂತ ಇರತೈತಲ್ಲ. ಈ ವರ್ಷ ಹಿಂಗ ನಡೀಲಿ. ಮುಂದಿನ ವರ್ಷ ನೋಡೂಣು."

"ಆತ್ರಿ ಸರ್," ಎಂದು ಎದ್ದೆ.

"ಟೀಚರ್ರ."

ಅವರು ಬಾಗಿಲ ಕಡೆ ನೋಡಿದರು. ಕಿಟಕಿಯ ಕಡೆಯೂ ನೋಡಿದರು. ಆಮೇಲೆ ಮೇಜಿನ ಮೇಲೆ ಮುಂದಕ್ಕೆ ಬಾಗಿ, ದನಿ ತಗ್ಗಿಸಿದರು.

"ಆ ಹಾಡಿಂದು ಎರಡನೇ ನುಡಿ ಹೆಂಗ ಶುರು ಆಗತೈತ್ರಿ? ಅವತ್ತಿನಿಂದ ತಲ್ಯಾಗ ಹೊಕ್ಕು ಕುಂತೈತಿ. ಮೊದಲನೇದು ಪೂರ್ತಿ ಬರತೈತಿ, ಮುಂದ ಹೋಗವಲ್ಲದು. ನಿದ್ದಿ ಹತ್ತವಲ್ಲದು ನೋಡ್ರಿ. ಅಣ್ಣಗ ಗೊತ್ತೈತಿ, ಆದ್ರ ಅಂವನ್ನ ಕೇಳಬೇಕಂದ್ರ ಒದರಬೇಕು. ಓಣಿ ಮಂದಿಗೆಲ್ಲಾ ಕೇಳತೈತಿ."

ಸಣ್ಣ ಹುಡುಗನ ಮುಖ ಮಾಡಿಕೊಂಡು ಅವರು ಕಾದರು. ಪಾಟಿ ಒರೆಸಿಕೊಂಡು ಸಾಲಿನಲ್ಲಿ ನಿಂತ ಹುಡುಗ.

"ನೆನಪಿಲ್ರಿ ಸರ್."

"ಅಯ್ಯ, ಅಣ್ಣ ಅವತ್ತ ಪೂರ್ತಿ ಹಾಡಿದ್ನಲ್ರಿ, ನೀವು ಅಲ್ಲೇ ಇದ್ರಿ! ಕನ್ನಡಾ ಟೀಚರ್ ಆಗಿ ಒಂದ ನುಡಿ ನೆನಪಿಡಾಕ ಆಗಲಿಲ್ಲೇನ್ರಿ?"

"ಹಂಗಾಮಿ ಅದೇನಲ್ರಿ ಸರ್," ಎಂದೆ. "ಪೂರ್ತಿ ನೆನಪಿರೂದಿಲ್ಲ."

ನೆನಪಿತ್ತು. ಒಮ್ಮೆ ಕೇಳಿದ ಪದ್ಯವನ್ನು ನಾನು ಮರೆಯುವವಳಲ್ಲ. ಎಷ್ಟೋ ವರ್ಷ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸುತ್ತಲೇ ಬಂದಿದ್ದೇನೆ. 'ಹೊರಗಡೆ ನಿಂತವರ ಕುಲವನು ಕೇಳದೆ ಒಳಗಡೆ ಕರೆದವನೆ' ಎಂದು ಅದು ಶುರುವಾಗುತ್ತದೆ. ಒಳ್ಳೆಯ ಸಾಲು. ಅಧ್ಯಕ್ಷರು ಅದನ್ನು ಹುಡುಕುತ್ತ, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ಕುಳಿತಿದ್ದರು.

ನಾನು ಹೊರಗೆ ಬಂದೆ. ಬಾಗಿಲನ್ನು ಎಳೆದುಕೊಳ್ಳುವ ಕಷ್ಟವಿರಲಿಲ್ಲ. ಅದು ತಾನಾಗಿಯೇ, ಕಿರ್ರ್ ಎಂದು ಕೂಡ ಅನ್ನದೆ, ಮುಚ್ಚಿಕೊಂಡಿತು.